ಮುಂದಿನ ಚಕ್ರದ ಪಾಲು

ಹೊನ್ನಾವರ
೧೪ ಜುಲೈ ೧೯೬೧

ಮಾದೇವಾ,

ಪತ್ರದ ತಲೆಗೆ ‘ಇತ್ತ ಎಲ್ಲರೂ ಸುಖ’ ಎಂದು ಬರೆಯಬೇಕಂತೆ. ಇಲ್ಲಿ ಸುಖವಾಗಿರುವುದು ಮಳೆ ಒಂದೇ. ತಿಂಗಳಿಂದ ಅದಕ್ಕೆ ಕೈತುಂಬ ಕೆಲಸ, ನನ್ನ ಗ್ಯಾರೇಜಿಗೆ ಇಲ್ಲ.

ಮೊದಲು ನಿನಗೆ ಬೇಕಾದ ಸುದ್ದಿ ಹೇಳುತ್ತೇನೆ. ನಿನ್ನ ಗಾಡಿ ಶೆಡ್ಡಿನ ಸೋರದ ಮೂಲೆಯಲ್ಲಿ ನಾಲ್ಕು ದಿಮ್ಮಿಯ ಮೇಲೆ ಕೂತಿದೆ. ಚಕ್ರ ನೆಲಕ್ಕೆ ತಾಗಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ಎಂಜಿನ್ನು ಓಡಿಸುತ್ತೇನೆ. ಮಿರಜದ ಕ್ಷಯದ ಆಸ್ಪತ್ರೆಗೆ ಹೊರಟ ದಿನ ನೀನು ಹೇಳಿದ್ದು ಹತ್ತು ನಿಮಿಷ. ನಾನು ಹನ್ನೆರಡು ಓಡಿಸುತ್ತೇನೆ. ಎರಡು ನಿಮಿಷ ನನ್ನ ಕಡೆಯಿಂದ.

ಈಗ ನನ್ನ ಸುದ್ದಿ. ಮಾವಳ್ಳಿಯ ಮೀನುಗಾರರ ಮುಖಂಡ ವೆಂಕಟ ತಂಡೇಲ ಬಂದಿದ್ದ. ಅವನ ರಂಪಣಿ ಬಲೆಗೆ ಬಂಗಡೆ ಬಿದ್ದರೆ ಗಾಡಿಗಟ್ಟಲೆ ಬೀಳುತ್ತದೆ. ಬಲೆ ಎಳೆಯುವ ಜಾಗದಿಂದ ರಸ್ತೆಗೆ ಒಂದು ಮೈಲು, ಅದೂ ಬರೀ ಮರಳು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ರಸ್ತೆ ಮುಟ್ಟಿಸುವಷ್ಟರಲ್ಲಿ ಅರ್ಧ ಮೀನು ಗೊಬ್ಬರ. “ನೀರಿನ ಅಂಚಿಗೇ ಬರೂ ಲಾರಿ ಒಂದು ಮಾಡಿಕೊಡಿ. ನವರಾತ್ರಿ ಕಳೆದರೆ ಬಂಗಡೆ ಕಾಯೂದಿಲ್ಲ” ಎಂದ. ನಾನು ಆತು ಎಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಮೊದಲು ಒಪ್ಪಿಕೊಳ್ಳುತ್ತದೆ. ಭಟ್ಕಳದಲ್ಲಿ ಬಸ್ಸು ತೊಳೆಯುತ್ತಿದ್ದವನು ಗ್ಯಾರೇಜಿನ ಧಣಿ ಆದದ್ದು ಆ ಬಾಯಿಯಿಂದಲೇ ತಾನೇ.

ಭಟ್ಕಳದ ಮರದ ವ್ಯಾಪಾರಿಯಿಂದ ಹಳೆಯ ಲಾರಿ ಒಂದನ್ನು ತಂದೆ. ಹೊಳೆಯಾಚೆಯ ಕಾಸರಕೋಡಿನ ಹೊಯ್ಗೆ ಮರಳಿಗೆ ಇಳಿಸಿ ನೋಡಿದೆ. ಎಂಟು ಮಾರು ಹೋಯಿತು, ಆಮೇಲೆ ಹಿಂದಿನ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡು ಕೂತಿತು. ಹದಿನಾರು ಜನ ಹಗ್ಗ ಹಾಕಿ ಎಳೆದರು. ಹದಿನಾರು ಜನರೂ ಒಂದೊಂದು ಬುದ್ಧಿ ಹೇಳಿದರು. ಆ ಹದಿನಾರರಲ್ಲಿ ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ಎಂತ ಮಾಡಬೇಕು ಹೇಳು. ಈ ಜಿಲ್ಲೆಯಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಹದಿಮೂರು ವರ್ಷ ಕಾಡುದಾರಿಯಲ್ಲಿ ಓಡಿಸಿದವನು ನೀನೊಬ್ಬನೇ.

ನಿನ್ನ ಉಸಿರು ಸರಿಯಾಗಲಿ ಎಂದು ಹಾರೈಸುವ,
ಕಮಲಾಕರ

❖

ಮಿರಜ
೨೯ ಜುಲೈ ೧೯೬೧

ಕಮಲಾಕರಾ,

ಆ ಎರಡು ನಿಮಿಷದ ಪೆಟ್ರೋಲು ನನ್ನದು, ಹೆಮ್ಮೆ ನಿನ್ನದು. ಇರಲಿ.

ಇಲ್ಲಿ ನಮಗೆ ಕೊಟ್ಟ ಕೆಲಸ ಮಲಗುವುದು. ಕೆಮ್ಮು ಬಂದರೆ ತಡೆಯುವುದು, ತಡೆಯಲಾಗದಿದ್ದರೆ ಡಬ್ಬಿಗೆ ಉಗುಳುವುದು. ಮಲಗಿದಲ್ಲೇ ನಾನು ದಿನಾ ಗಾಡಿ ಓಡಿಸುತ್ತೇನೆ. ಹೊನ್ನಾವರದ ಬಂದರದಿಂದ ಹೊರಟು ಗೇರುಸೊಪ್ಪೆ ದಾಟಿ, ಬಸ್ಸು ಹೋಗದ ಕಾಡುದಾರಿಗೆ ಹತ್ತಿಸುತ್ತೇನೆ. ಒಂದೊಂದು ತಿರುವಿನಲ್ಲೂ ಗೇರು ಬದಲಿಸುತ್ತೇನೆ. ಪಕ್ಕದ ಮಂಚದವನು ನನ್ನ ಬಲಗೈ ಅಲುಗುವುದನ್ನು ಕಂಡು, ವಾತವೋ ಎಂದು ಕೇಳಿದ.

ನಿನ್ನ ಲಾರಿ ಹೂತದ್ದು ಮುಂದಿನ ಚಕ್ರ ಸುಮ್ಮನೆ ಕೂತಿದ್ದರಿಂದ. ಹಿಂದಿನದು ದೂಡುತ್ತದೆ, ಮುಂದಿನದು ಮರಳಿಗೆ ಮೂಗು ಚುಚ್ಚುತ್ತದೆ. ಎರಡೂ ಎಳೆಯಬೇಕು. ನನ್ನದರ ಹಾಗೆ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಒಂದು ಹುಡುಕು. ಅದರ ಮುಂದಿನ ಎಕ್ಸಲ್ಲು, ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಎರಡನೇ ಗೇರ್‌ಬಾಕ್ಸು, ಮಧ್ಯದ ಶಾಫ್ಟು, ಇಷ್ಟನ್ನು ಲಾರಿಯ ಚಾಸಿಗೆ ಕೂಡಿಸು. ಪುಣೆಯಲ್ಲಿ ಮೊದಲು ಅಂಥವು ಸಾಲಾಗಿ ನಿಂತಿರುತ್ತಿದ್ದವು, ಈಗ ಇವೆಯೋ ಇಲ್ಲವೋ. ಅಳತೆಗೆ ನನ್ನ ಗಾಡಿಯನ್ನು ನೋಡಿಕೋ. ಟೇಪು ಹಿಡಿ. ನಟ್ಟು ಬಿಚ್ಚುವ ಪಾನಾ ಹಿಡಿಯಬೇಡ.

ಡಾಕ್ಟರು ಎಂಟು ತಿಂಗಳು ಎಂದಿದ್ದಾರೆ. ಮಾವಳ್ಳಿಯಲ್ಲಿ ತವರಿನಲ್ಲಿರುವ ಲಕ್ಷ್ಮಿಗೂ ಹೇಳಿ ಬಂದಿದ್ದೇನೆ, ಏನು ಮಾರಿದರೂ ಗಾಡಿ ಮಾರಬೇಡ ಎಂದು. ಬಂದ ಮರುದಿನ ಅದರಲ್ಲಿ ಕೂತರೆ ನಾನೊಬ್ಬ ಮನುಷ್ಯ. ಇಲ್ಲದಿದ್ದರೆ ಮಾವನ ಮನೆಯ ಜಗಲಿಯ ಮೇಲಿನ ರೋಗಿ.

ನಿನ್ನ ಹದಿನೇಳನೆಯ ಬುದ್ಧಿವಂತ,
ಮಾದೇವ

❖

ಹೊನ್ನಾವರ
೧೯ ಆಗಸ್ಟ್ ೧೯೬೧

ನಾಗಾ,

ಈ ಪತ್ರ ಓದಿ ಹರಿದುಹಾಕು. ಕುಮಟೆಯ ನಿನ್ನ ಮರದ ಡಿಪೋದಲ್ಲಿ ಒಲೆ ಇದ್ದರೆ ಇನ್ನೂ ಒಳ್ಳೆಯದು.

ಮೊನ್ನೆ ಗುರುವಾರ ನೀನು ಮಿರಜದಿಂದ ನಿನ್ನ ಅಕ್ಕ ಲಕ್ಷ್ಮಿಯಲ್ಲಿಗೆ ಹೋಗುವ ದಾರಿಯಲ್ಲಿ ನನ್ನಲ್ಲಿ ಇಳಿದೆ. ಮಾದೇವನ ಗಾಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆ. “ಭಾವ ದಸರೆ ಕಾಣೂದು ಸುಳ್ಳು, ಕಮಲಾಕರಣ್ಣಾ. ಒಂದು ಬದಿ ಪೂರಾ ಹೋಗಿದೆ” ಎಂದು ಹೇಳಿ ಅತ್ತೆ. ನಾನೂ ಅತ್ತೆ. ಅದು ಸುಳ್ಳು ಅಳುವಲ್ಲ.

ನಿನ್ನೆ ಶುಕ್ರವಾರ. ಎಂದಿನಂತೆ ಗಾಡಿಯನ್ನು ಹನ್ನೆರಡು ನಿಮಿಷ ಓಡಿಸಿ ನಿಲ್ಲಿಸಿದೆ. ಎಂಜಿನ್ನು ಆರುವವರೆಗೂ ಅದರ ಎದುರು ಕೂತಿದ್ದೆ. ಆಮೇಲೆ ಪಾನಾ ತೆಗೆದುಕೊಂಡೆ.

ಪುಣೆಯ ಇಬ್ಬರು ವ್ಯಾಪಾರಿಗಳಿಗೆ ಬರೆದಿದ್ದೆ, ಇಬ್ಬರಲ್ಲೂ ಇಲ್ಲ. ವೆಂಕಟನಿಗೆ ಮಾತು ಕೊಟ್ಟಾಗಿದೆ. ನನ್ನ ಮನಸ್ಸು ಹೀಗೆ ಲೆಕ್ಕ ಬರೆಯಿತು: ಮಾದೇವ ಹೋದರೆ ಗಾಡಿ ಯಾರಿಗೆ? ಲಕ್ಷ್ಮಿಗೆ. ಲಕ್ಷ್ಮಿ ಓಡಿಸುತ್ತಾಳೆಯೇ? ಇಲ್ಲ. ಕಡಲ ಗಾಳಿಗೆ ಎರಡು ವರ್ಷದಲ್ಲಿ ತುಕ್ಕು. ಅದೇ ಸಾಮಾನು ನನ್ನ ಲಾರಿಯಲ್ಲಿದ್ದರೆ ದುಡಿಯುತ್ತದೆ, ನಾನೇ ಅವಳನ್ನು ನೋಡಿಕೊಳ್ಳಬಹುದು. ಎಲ್ಲ ಸರಿಹೊಂದಿತು. ಲೆಕ್ಕ ಸರಿಹೊಂದಿದ ದಿನ ನನಗೆ ಹಸಿವು ಜಾಸ್ತಿ. ನಿನ್ನೆ ಊಟ ಸೇರಲಿಲ್ಲ.

ಬಿಚ್ಚಿದ್ದು: ಮುಂದಿನ ಎಕ್ಸಲ್ಲು ಒಂದು, ಎರಡನೇ ಗೇರ್‌ಬಾಕ್ಸು ಒಂದು, ಶಾಫ್ಟು ಎರಡು, ಮುಂದಿನ ಸ್ಪ್ರಿಂಗು ಎರಡು. ಉಳಿದದ್ದು ಹಾಗೇ ಇದೆ. ಮುಖ ಇಲ್ಲದ ಮನುಷ್ಯನ ಹಾಗೆ ಕಾಣುತ್ತದೆ. ಮೇಲೆ ತಾಡಪತ್ರಿ ಹೊದಿಸಿದ್ದೇನೆ.

ನಿನ್ನ ಅಕ್ಕನಿಗೆ ತಿಳಿಯುವುದು ಬೇಡ.

ಕಮಲಾಕರ

❖

ಕುಮಟಾ
೨೩ ಆಗಸ್ಟ್ ೧೯೬೧

ಕಮಲಾಕರಣ್ಣನವರಿಗೆ,

ನಾನು ಹೇಳಿದ್ದು ದುಃಖಕ್ಕೆ. ನೀವು ಕೇಳಿದ್ದು ಕೆಲಸಕ್ಕೆ.

ಇನ್ನೊಂದು ಮಾತು, ಅಂದೇ ಹೇಳಬೇಕಿತ್ತು. ದಸರೆಯ ಮಾತು ಡಾಕ್ಟರು ಹೇಳಿದ್ದಲ್ಲ. ಬಾಗಿಲ ಬಳಿ ಡಬ್ಬಿ ತೊಳೆಯುವವ ಹೇಳಿದ್ದು. ನನಗೆ ಮರಾಠಿ ಅಷ್ಟಕ್ಕಷ್ಟೇ, ಅವನ ಮುಖ ನೋಡಿ ಉಳಿದರ್ಧ ತಿಳಿದುಕೊಂಡೆ.

ಅಕ್ಕನಿಗೆ ನಾನು ಹೇಳುವುದಿಲ್ಲ. ಅದು ನಿಮ್ಮ ಮೇಲಿನ ಪ್ರೀತಿಗೆ ಎಂದು ತಿಳಿಯಬೇಡಿ. ಹೇಳಲು ಹೊರಟರೆ ದಸರೆಯ ಮಾತಿನಿಂದ ಶುರು ಮಾಡಬೇಕು. ಅದನ್ನು ಅವಳ ಎದುರು ಆಡಲು ನನ್ನಿಂದ ಆಗುವುದಿಲ್ಲ.

ತಿರುಗಿ ಜೋಡಿಸಲು ಆಗುವುದಾದರೆ ಜೋಡಿಸಿ.

ನಾಗ

❖

ಹೊನ್ನಾವರ
೨ ಸೆಪ್ಟೆಂಬರ್ ೧೯೬೧

ಮಾದೇವಾ,

ನಿನ್ನ ಗಾಡಿ ಕ್ಷೇಮ. ನಿನ್ನೆ ಶುಕ್ರವಾರವೂ ಓಡಿಸಿದೆ.

ಶುಭ ವಾರ್ತೆ. ಪುಣೆಯಲ್ಲಿ ಒಂದು ಸತ್ತ ಗಾಡಿ ಸಿಕ್ಕಿತು. ನಿನ್ನದರ ಒಡಹುಟ್ಟು, ಅದೇ ಕಾರ್ಖಾನೆ, ಅದೇ ವಯಸ್ಸು. ಎಂಜಿನ್ನು ಹೋಗಿದೆ, ಕೆಳಗಿನದೆಲ್ಲ ಗಟ್ಟಿ. ಹುಬ್ಬಳ್ಳಿವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಲಾರಿಯಲ್ಲಿ ಇಳಿಯಿತು. ನೀನು ಹೇಳಿದಂತೆ ಮುಂದಿನ ಎಕ್ಸಲ್ಲು, ಎರಡನೇ ಗೇರ್‌ಬಾಕ್ಸು, ಶಾಫ್ಟು ತೆಗೆದು ಲಾರಿಗೆ ಕೂಡಿಸಿದೆ. ಲಾರಿಯ ಚಾಸಿ ಅಗಲ, ಸ್ಪ್ರಿಂಗು ಕೂರುವ ಜಾಗ ಎರಡೂ ಬದಿ ಒಳಗೆ ತಂದು ವೆಲ್ಡಿಂಗು ಮಾಡಿಸಿದೆ.

ಹೊಯ್ಗೆಯಲ್ಲಿ ಹೋಗುತ್ತದೆ, ಮಾರಾಯಾ! ಆದರೆ ಡಾಂಬರು ರಸ್ತೆಗೆ ಬಂದ ಕೂಡಲೇ ಕೆಳಗಿನಿಂದ ಕಟಕಟ. ನೂರು ಮಾರು ಹೋಗುವಷ್ಟರಲ್ಲಿ ಗೇರ್‌ಬಾಕ್ಸು ಮುಟ್ಟಿದರೆ ಕೈ ಸುಡುತ್ತದೆ. ಎಲ್ಲಿ ತಪ್ಪಿದೆ?

ಇಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಾರೆ. ಚೆನ್ನಾಗಿದ್ದಾನೆ ಎಂದು ಹೇಳುತ್ತೇನೆ.

ಕಮಲಾಕರ

❖

ಮಿರಜ
೧೭ ಸೆಪ್ಟೆಂಬರ್ ೧೯೬೧

ಕಮಲಾಕರಾ,

ನಿನ್ನ ಪತ್ರ ಬಂದ ದಿನ ಎರಡು ಲೋಟ ಹಾಲು ಕುಡಿದೆ. ನರ್ಸಮ್ಮ ತೂಕದ ಕಾಗದದಲ್ಲಿ ಬರೆದುಕೊಂಡಳು.

ತಪ್ಪು ಎಲ್ಲಿದೆ ಎಂದರೆ, ನೀನು ಅರ್ಧ ಬಿಚ್ಚಿ ನಿಲ್ಲಿಸಿದ್ದೀ. ಪ್ರತಿ ಎಕ್ಸಲ್ಲಿನ ಹೊಟ್ಟೆಯಲ್ಲಿ ಒಂದು ದೊಡ್ಡ ಹಲ್ಲಿನ ಗಾಲಿ, ಒಂದು ಚಿಕ್ಕದು ಇರುತ್ತವಲ್ಲ, ಆ ಹಲ್ಲುಗಳ ಲೆಕ್ಕ ಹಿಂದೆಯೂ ಮುಂದೆಯೂ ಒಂದೇ ಇರಬೇಕು. ನಿನ್ನದರಲ್ಲಿ ಮುಂದಿನದು ಮಿಲಿಟರಿ, ಹಿಂದಿನದು ಮರದ ವ್ಯಾಪಾರಿಯದು. ಒಂದು ಓಡು ಎನ್ನುತ್ತದೆ, ಇನ್ನೊಂದು ನಡೆ ಎನ್ನುತ್ತದೆ. ಮರಳಿನಲ್ಲಿ ಚಕ್ರ ಜಾರಿ ಜಗಳ ಮುಚ್ಚಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಮುಚ್ಚುವುದಿಲ್ಲ. ಹೀಗೇ ಓಡಿಸಿದರೆ ವಾರದಲ್ಲಿ ಎರಡೂ ಒಡೆಯುತ್ತವೆ.

ಆದ್ದರಿಂದ ಹಿಂದಿನ ಎಕ್ಸಲ್ಲನ್ನೂ ಅದೇ ಗಾಡಿಯಿಂದ ತೆಗೆ. ಹಿಂದೆ ಜೋಡಿ ಟಯರು ಬೇಡ, ಅಗಲದ ಒಂದೊಂದೇ ಸಾಕು. ಹೊಯ್ಗೆಗೆ ಇಳಿಯುವ ಮೊದಲು ಗಾಳಿಯನ್ನು ಅರ್ಧಕ್ಕೆ ಇಳಿಸು. ಉಪ್ಪುನೀರು ತಾಗಿದರೆ ಅದೇ ದಿನ ಬಾವಿ ನೀರಿನಲ್ಲಿ ತೊಳೆ.

ನಿನ್ನ ಗುಣ ನನಗೆ ಗೊತ್ತು. ಒಳ್ಳೆಯ ಸಾಮಾನು ಬಿಚ್ಚುವಾಗ ನಿನ್ನ ಕೈ ಹಿಂಜರಿಯುತ್ತದೆ. ಹಿಂಜರಿಯಬೇಡ. ಸತ್ತ ಗಾಡಿಗೆ ನೋವಿಲ್ಲ.

ದೊಡ್ಡ ಗಾಲಿಗೆ ಎಷ್ಟು ಹಲ್ಲು, ಚಿಕ್ಕದಕ್ಕೆ ಎಷ್ಟು ಎಂದು ಎಣಿಸಿ ಬರೆ. ಇಲ್ಲಿ ಎಣಿಸಲು ನನಗೆ ಮಾಡಿನ ಹಂಚು ಬಿಟ್ಟರೆ ಬೇರೆ ಏನೂ ಇಲ್ಲ.

ಮಾದೇವ

❖

ಹೊನ್ನಾವರ
೫ ನವೆಂಬರ್ ೧೯೬೧

ನಾಗಾ,

ನೀನು ಹೇಳಿದ ದಸರೆ ದಾಟಿ ಹದಿನೇಳು ದಿನ. ಮಾದೇವನೂ ದಾಟಿದ. ತೂಕ ಏರಿದೆಯಂತೆ. ಆ ಸುದ್ದಿ ಓದಿದಾಗ ನನಗೆ ಮೊದಲು ಆದದ್ದು ಸಂತೋಷವೇ. ಎರಡನೆಯದು ಏನೆಂದು ಬರೆಯುವುದಿಲ್ಲ.

ಹಿಂದಿನ ಎಕ್ಸಲ್ಲನ್ನೂ ತೆಗೆದೆ, ಅವನೇ ತೆಗೆಯಲು ಹೇಳಿದ್ದು. ತಾಡಪತ್ರಿಯ ಕೆಳಗೆ ಈಗ ಎಂಜಿನ್ನು, ಸೀಟು, ಮೇಲಿನ ತಗಡು ಇಷ್ಟೇ. ಶುಕ್ರವಾರ ಬಂದರೆ ನನಗೆ ಶೆಡ್ಡಿನ ಆ ಮೂಲೆಗೆ ಹೋಗಲು ಆಗುವುದಿಲ್ಲ.

ಕಳೆದ ಸೋಮವಾರ ಮಾವಳ್ಳಿಗೆ ಗಾಡಿ ಒಯ್ದೆ. ನಮ್ಮ ಗ್ಯಾರೇಜಿನ ಹುಡುಗ ಶುಕ್ರ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಗಾಳಿ ಇಳಿಸಿ ಹೊಯ್ಗೆಗೆ ಬಿಟ್ಟೆವು. ನೀರಿನ ಅಂಚಿಗೆ ಹೋಗಿ, ಮೂವತ್ತು ಬುಟ್ಟಿ ಬಂಗಡೆ ಏರಿಸಿಕೊಂಡು, ತಿರುಗಿ ರಸ್ತೆ ಮುಟ್ಟಿತು. ಗಂಡಸರು ಕೂಗಿದರು. ಬುಟ್ಟಿ ಹೊರುವ ಸಣ್ಣಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

“ಒಡೆಯಾ, ಇಪ್ಪತ್ತು ವರ್ಷ ಹೊತ್ತು ನನ್ನ ನೆತ್ತಿ ಬೋಳಾತು. ಮೊದ್ಲೇ ಬರೂಕೆ ಎಂತ ಆಗಿತ್ತು ನಿಮಗೆ?”

“ಮೊದಲೇ ಬಂದಿದ್ದರೆ ನಿನ್ನ ತುರುಬು ನೋಡಿ ಶುಕ್ರ ಗಾಡಿಯನ್ನು ಕಡಲಿಗೇ ಇಳಿಸುತ್ತಿದ್ದ” ಎಂದೆ. ಎಲ್ಲರೂ ನಕ್ಕರು. ನನ್ನ ಆಯುಷ್ಯದಲ್ಲಿ ಅಂಥ ಬೆಳಿಗ್ಗೆ ಇನ್ನೊಂದಿಲ್ಲ ಎನಿಸಿತು.

ಆಮೇಲೆ ಮರಳಿನ ಮೇಲೆ ಪಾಲು ಹಾಕಿದರು. ಜನಕ್ಕೊಂದು ರಾಶಿ, ದೋಣಿಗೊಂದು, ನನ್ನ ಗಾಡಿಗೊಂದು. ಎಲ್ಲ ಮುಗಿದ ಮೇಲೆ ವೆಂಕಟ ತಂಡೇಲ ಬದಿಗೆ ಇನ್ನೊಂದು ರಾಶಿ ಸುರಿದ.

“ಅದು ಯಾರದ್ದು?”

“ಮುಂದಿನ ಚಕ್ರದ ಪಾಲು.”

“ಗಾಡಿಯ ಪಾಲು ಕೊಟ್ಟಾಯಿತಲ್ಲ ತಂಡೇಲರೇ.”

“ಅದು ನಿಮ್ದು. ಇದು ಮಾದೇವಂದು.”

ನಾನು ನಗಲು ನೋಡಿದೆ. ಅವನು ನಗಲಿಲ್ಲ. ಎಡಬದಿಯ ಮುಂದಿನ ಚಕ್ರದ ನಡುವೆ ಬೆರಳಿಟ್ಟ. “ಈ ಹಿತ್ತಾಳೆ ಬೋಲ್ಟು ದೋಣೀದು. ಇಡಗುಂಜಿಗೆ ಹೋಗ್ವಾಗ ಮಾದೇವನ ಗಾಡೀದು ಬಿದ್ದುಹೋಗಿತ್ತು, ನಾನೇ ಕೊಟ್ಟದ್ದು.” ಮತ್ತೆ ಮೆಲ್ಲಗೆ ಹೇಳಿದ: “ನಮ್ಮ ಬಲೆ ಒಬ್ಬಂದಲ್ಲ ಕಮಲಾಕರಣ್ಣಾ. ಎಂಬತ್ತು ಮನೆಯ ಎಂಬತ್ತು ತುಂಡು ಹೊಲಿದು ಮಾಡಿದ್ದು. ಯಾರ ತುಂಡು ನೀರಲ್ಲಿ ಉಂಟೋ ಅವಗೆ ಪಾಲು ಉಂಟು, ಅವ ಹಾಸಿಗೆ ಹಿಡಿದಿದ್ರೂ ಉಂಟು. ನಿಮ್ಮ ಗಾಡೀಲಿ ಮಾದೇವನ ತುಂಡು ಉಂಟು. ಅವ ಕೊಟ್ಟನೋ ನೀವು ತಕ್ಕೊಂಡ್ರೋ, ಅದು ನಂಗೆ ಬೇಡ.”

ಕಪ್ಪು ಬಣ್ಣ ಎರಡು ಸಲ ಬಳಿದಿದ್ದೆ. ಆ ಬೋಲ್ಟಿನ ಮೇಲೂ ಬಳಿದಿದ್ದೆ. ಮರಳು ಉಜ್ಜಿ ಬಣ್ಣ ಹೋಗಿ ಹಿತ್ತಾಳೆ ಹೊಳೆಯುತ್ತಿತ್ತು.

ರಾಶಿಯನ್ನು ಬುಟ್ಟಿಗೆ ತುಂಬಿ ನಿನ್ನ ಅಕ್ಕನ ಮನೆಗೆ ಕಳಿಸಿದರು. ನಾನು ತಡೆಯಲಿಲ್ಲ. ಯಾವ ಬಾಯಿಯಿಂದ ತಡೆಯಲಿ?

ಕಮಲಾಕರ

❖

ಮಾವಳ್ಳಿ
೨೦ ನವೆಂಬರ್ ೧೯೬೧

ಕಮಲಾಕರಣ್ಣನಿಗೆ ಲಕ್ಷ್ಮೀ ಮಾಡುವ ನಮಸ್ಕಾರ.

ಬಲೆ ಎಳೆದ ದಿನವೆಲ್ಲ ವೆಂಕಟ ತಂಡೇಲರು ಒಂದು ಬುಟ್ಟಿ ಬಂಗಡೆ ಕಳಿಸುತ್ತಾರೆ. ಮೊದಲ ದಿನ ಧರ್ಮಕ್ಕೆ ಕೊಟ್ಟದ್ದು ಎಂದು ತಿರುಗಿ ಕಳಿಸಿದೆ. ಧರ್ಮ ಅಲ್ಲ, ಮುಂದಿನ ಚಕ್ರದ ಪಾಲು ಎಂದು ಹೇಳಿ ಕಳಿಸಿದರು. ಎಂತ ಚಕ್ರ ಎಂದರೆ ಕಮಲಾಕರಣ್ಣನನ್ನೇ ಕೇಳು ಎಂದರು. ತಿನ್ನುವಷ್ಟು ಇಟ್ಟುಕೊಂಡು ಉಳಿದದ್ದನ್ನು ಒಣಗಿಸುತ್ತಿದ್ದೇನೆ.

ಗಾಡಿಯನ್ನು ಸುಮ್ಮನೆ ನಿಲ್ಲಿಸದೆ ನೀವು ದುಡಿಸುತ್ತಿದ್ದೀರಿ ಎಂದು ನಾನು ತಿಳಿದುಕೊಂಡೆ. ಒಳ್ಳೆಯದೇ ಆಯಿತು. ನಮ್ಮ ಗಾಡಿ ಕಡಲತಡಿಯಲ್ಲಿ ಓಡುತ್ತಿದೆ ಎಂದು ಶನಿವಾರವೇ ಮಿರಜಕ್ಕೆ ಬರೆದೆ. ಕೇಳಿ ಅವರಿಗೆ ಎರಡು ತುತ್ತು ಹೆಚ್ಚು ಸೇರಲಿ.

ಲಕ್ಷ್ಮೀ

❖

ಹೊನ್ನಾವರ
೨೨ ನವೆಂಬರ್ ೧೯೬೧

ಮಾದೇವಾ,

ಲಕ್ಷ್ಮಿಯ ಪತ್ರ ಇದಕ್ಕಿಂತ ಮೊದಲು ನಿನ್ನ ಕೈಸೇರಿರುತ್ತದೆ. ಅವಳು ಬರೆಯದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದನ್ನೂ ಮೊದಲೇ ಒಪ್ಪಿಕೊಳ್ಳುತ್ತೇನೆ.

ಪುಣೆಯ ಗಾಡಿ ಎಂಬುದು ಇಲ್ಲ. ಇದ್ದದ್ದು ನಿನ್ನದೊಂದೇ. ಮುಂದಿನದನ್ನು ನಾನಾಗಿ ಬಿಚ್ಚಿದೆ, ಹಿಂದಿನದನ್ನು ನಿನ್ನಿಂದಲೇ ಹೇಳಿಸಿಕೊಂಡು ಬಿಚ್ಚಿದೆ. ಶುಕ್ರವಾರ ಓಡಿಸಿದೆ ಎಂದು ಬರೆದದ್ದು ಆಗಸ್ಟಿನಿಂದೀಚೆಗೆ ಎಲ್ಲ ಸುಳ್ಳು.

ನಾಗ ಮಿರಜದಿಂದ ಬಂದವನು ನೀನು ದಸರೆ ದಾಟುವುದಿಲ್ಲ ಎಂದ. ಅದನ್ನು ಕೇಳಿದ ಮೇಲೇ ನಾನು ಪಾನಾ ಹಿಡಿದದ್ದು. ಇಷ್ಟನ್ನು ನನ್ನ ಕಡೆ ಹಿಡಿದುಕೋ. ನೀನು ಬರುತ್ತೀ ಎಂದು ಗೊತ್ತಿದ್ದರೆ ಒಂದು ನಟ್ಟನ್ನೂ ಮುಟ್ಟುತ್ತಿರಲಿಲ್ಲ. ಹೇಗೂ ಉಪಯೋಗಕ್ಕೆ ಬಾರದೆ ಹೋಗುವ ಸಾಮಾನು, ಲಕ್ಷ್ಮಿಗಾದರೂ ಆಧಾರವಾಗಲಿ ಎಂದುಕೊಂಡೆ.

ನೀನು ಹೇಳಿದರೆ ಲಾರಿಯನ್ನು ಬಿಚ್ಚಿ ನಿನ್ನ ಗಾಡಿಯನ್ನು ಮತ್ತೆ ನಿಲ್ಲಿಸುತ್ತೇನೆ. ಒಂದು ಸಾಲು ಬರೆ. ಬೈಗುಳವಾದರೂ ಆದೀತು.

ಕಮಲಾಕರ

❖

ಹೊನ್ನಾವರ
೧೦ ಜನವರಿ ೧೯೬೨

ಮಾದೇವಾ,

ಇದು ನಾಲ್ಕನೆಯ ಕಾರ್ಡು. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ. ನಾಗನೂ ಬಾಯಿ ಬಿಡುವುದಿಲ್ಲ. ಇದ್ದೀ ಎಂದಾದರೂ ಯಾರಿಂದಲಾದರೂ ಬರೆಸು.

ಕಮಲಾಕರ

❖

ಮಿರಜ
೨೬ ಫೆಬ್ರವರಿ ೧೯೬೨

ಕಮಲಾಕರಾ,

ಸಿಟ್ಟಿನಿಂದ ಬರೆಯಲಿಲ್ಲ ಎಂದುಕೊಂಡಿರಬೇಕು. ಅರ್ಧ ಅದೂ ಹೌದು. ಉಳಿದರ್ಧ ಏನೆಂದರೆ, ಜನವರಿ ಎರಡಕ್ಕೆ ನನ್ನನ್ನು ಕೊಯ್ದು ಎಡಬದಿಯ ಏಳು ಪಕ್ಕೆಲುಬು ತೆಗೆದರು. ಪೆನ್ನು ಹಿಡಿಯಲು ಮೊನ್ನೆಯಿಂದ ಆಗುತ್ತಿದೆ. ಲಕ್ಷ್ಮಿಗೂ ನಾಗನಿಗೂ ನಾನೇ ಹೇಳಿದ್ದೆ, ನಿನಗೆ ಏನೂ ತಿಳಿಸಬೇಡಿ ಎಂದು. ಈಗ ಕಫದಲ್ಲಿ ಏನೂ ಕಾಣುವುದಿಲ್ಲವಂತೆ. ಏಪ್ರಿಲಿನಲ್ಲಿ ಬಿಡುತ್ತಾರೆ. ಹ್ಯಾಂಡಲ್ ತಿರುಗಿಸುವ ಕೆಲಸ ಇನ್ನು ಈ ಜನ್ಮಕ್ಕಿಲ್ಲ ಎಂದಿದ್ದಾರೆ. ಹಾಗಾಗಿ ಗಾಡಿ ಇದ್ದಿದ್ದರೂ ನಾನು ಅದನ್ನು ನೋಡುತ್ತ ಕೂರಬೇಕಿತ್ತು. ಲಾರಿಯನ್ನು ಬಿಚ್ಚಬೇಡ. ಅದು ಸರಿಯಾಗಿ ಓಡುತ್ತಿದೆ ಎಂದು ಲಕ್ಷ್ಮಿ ಬರೆದಿದ್ದಾಳೆ, ಬುಟ್ಟಿಯೂ ಬರುತ್ತಿದೆಯಂತೆ.

ಹಲ್ಲು ಎಣಿಸಿ ಬರೆದಿದ್ದೆಯಲ್ಲ, ಅದು ನನ್ನ ಗಾಡಿಯದೇ ಸಂಖ್ಯೆ, ನೋಡಿದ ದಿನವೇ ಒಮ್ಮೆ ಅನುಮಾನ ಬಂದಿತ್ತು. ಆ ಕಾರ್ಖಾನೆಯವೆಲ್ಲ ಹಾಗೇ ಇರುತ್ತವೆ ಎಂದು ಮಗ್ಗುಲಾದೆ. ನಂಬಬೇಕು ಎಂದೇ ನಂಬಿದೆ.

ಗಾಡಿ ಹೋದದ್ದನ್ನು ನಾನು ತಾಳಿಕೊಳ್ಳಬಲ್ಲೆ. ತಾಳಲು ಆಗದ್ದು ಇನ್ನೊಂದು. ಇಲ್ಲಿ ಒಬ್ಬನ ಸರದಿ ಬಂತು ಎಂದು ವಾರ್ಡಿಗೆ ಗೊತ್ತಾದರೆ, ಸುತ್ತಲಿನವರು ಅವನ ಕಂಬಳಿಯನ್ನು ನೋಡಲು ಶುರುಮಾಡುತ್ತಾರೆ. ಈ ಸಲ ಚಳಿ ಶುರುವಾದಾಗ ನಾನೂ ನೋಡಿದೆ. ನಾಲ್ಕನೇ ಮಂಚದ ನೇಕಾರನದು, ದಪ್ಪ ಕಂಬಳಿ. ಅವನು ಸಾಯಲಿಲ್ಲ. ನಾನು ನೋಡಿದ್ದನ್ನು ಅವನು ನೋಡಿದ. ಈಗಲೂ ನನಗೆ ಬೆನ್ನು ಹಾಕಿಯೇ ಮಲಗುತ್ತಾನೆ.

ನಾಗನ ಮಾತು ಕೇಳಿದ ಮೇಲೆ ಬಿಚ್ಚಿದೆ ಎಂದು ನೀನು ನಿನ್ನ ಪರವಾಗಿ ಬರೆದಿದ್ದೀ. ನನ್ನನ್ನು ಚುಚ್ಚಿದ್ದು ಅದೇ. ನಾನಿಲ್ಲಿ ಉಸಿರು ಎಳೆಯುತ್ತಿದ್ದಾಗ ನೀನಲ್ಲಿ ನನ್ನನ್ನು ಮುಗಿಸಿಯಾಗಿತ್ತೇ? ಒಂದೇ ಒಂದನ್ನು ಹೇಳು. ಅದು ನಿಜವೋ, ಅಥವಾ ಮೊದಲೇ ಬಿಚ್ಚಿ, ಸಿಕ್ಕಿಬಿದ್ದ ಮೇಲೆ ನಾಗನ ಮಾತನ್ನು ಅಡ್ಡ ಹಿಡಿದೆಯೋ? ಕದ್ದಿದ್ದರೆ ಕದ್ದೆ ಎನ್ನು. ಕದಿಯುವುದು ಬದುಕಿರುವವನಿಂದ.

ಮಾದೇವ

❖

ಹೊನ್ನಾವರ
೩ ಮಾರ್ಚ್ ೧೯೬೨

ನಾಗಾ,

ಮಾದೇವ ನಿನಗೂ ಬರೆದು ಕೇಳಬಹುದು. ಆದ್ದರಿಂದ ಮೊದಲು ನಿನಗೆ ಬರೆಯುತ್ತಿದ್ದೇನೆ.

ನೀನು ನನ್ನಲ್ಲಿ ಇಳಿದದ್ದು ಆಗಸ್ಟ್ ಹದಿನೇಳು. ಅಂದು ಗಾಡಿ ಇಡಿಯಾಗಿತ್ತು. ಇದು ನಿನಗೆ ಗೊತ್ತು, ನನಗೆ ಗೊತ್ತು. ಇಂದಿನಿಂದ ಹಾಗಲ್ಲ. ನೀನು ಬಂದಾಗ ಮುಂದಿನ ಎರಡು ಚಕ್ರ ಇರಲಿಲ್ಲ, ಎಕ್ಸಲ್ಲು ನೆಲದ ಮೇಲಿತ್ತು, ನೀನು ಕೇಳಿದ್ದಕ್ಕೆ ನಾನು ಎಣ್ಣೆ ಬದಲಿಸುತ್ತಿದ್ದೇನೆ ಎಂದೆ. ಇಷ್ಟೇ ಹೇಳು. ಬಣ್ಣ ಹಚ್ಚಬೇಡ, ನಿನಗೆ ಮುಖ ನೋಡಿ ಕಥೆ ಪೂರ್ತಿ ಮಾಡುವ ಚಾಳಿ ಇದೆ.

ಯಾಕೆ ಎಂದು ಕೇಳುತ್ತೀ. ಅವನಿಗೆ ನಾನು ಕಳ್ಳನಾಗುವುದು ಬೇಕು. ಕಳ್ಳನಾದರೆ ಅವನು ತಡೆದುಕೊಳ್ಳುತ್ತಾನೆ. ನನ್ನಲ್ಲಿ ಕೊಡಲು ಉಳಿದಿರುವುದು ಅದೊಂದೇ, ಅದೂ ಖೋಟಾ.

ಕಮಲಾಕರ

❖

ಹೊನ್ನಾವರ
೩ ಮಾರ್ಚ್ ೧೯೬೨

ಮಾದೇವಾ,

ಕದ್ದೆ.

ಆಗಸ್ಟ್ ನಾಲ್ಕು, ಶುಕ್ರವಾರ. ಪಾನಾ ಹಿಡಿಯಬೇಡ ಎಂದ ನಿನ್ನ ಪತ್ರ ಬಂದು ಎರಡು ದಿನ ಆಗಿತ್ತು. ಎಂಟು ತಿಂಗಳಿಗೆ ಬರುತ್ತೀ ಎಂದು ನೀನೇ ಬರೆದಿದ್ದೆ, ನಾನೂ ಹಾಗೇ ಎಣಿಸಿದ್ದೆ. ಅಷ್ಟರಲ್ಲಿ ವೆಂಕಟನ ಹಂಗಾಮು ಮುಗಿಯುತ್ತದೆ, ಬೇರೆ ಎಲ್ಲಿಂದಲಾದರೂ ತಂದು ನಿನ್ನದನ್ನು ನಿನಗೆ ಜೋಡಿಸಿದರಾಯಿತು, ಬಂದರೆ ಎರಡು ಒದೆ ಒದ್ದಾನು ಎಂದುಕೊಂಡೆ. ನಾಗ ಬಂದದ್ದು ಆಮೇಲೆ ಹದಿಮೂರು ದಿನಕ್ಕೆ. ಸಿಕ್ಕಿಬಿದ್ದಾಗ ಅವನ ಮಾತನ್ನು ಪರದೆ ಮಾಡಿಕೊಂಡೆ. ನವೆಂಬರಿನಲ್ಲಿ ನಾನು ಬರೆದದ್ದರಲ್ಲಿ ಅದೊಂದು ಸುಳ್ಳು.

ನೀನು ಬರುತ್ತೀ ಎಂದು ಗೊತ್ತಿದ್ದೇ ಕದ್ದೆ.

ಕಮಲಾಕರ

❖

ಮಿರಜ
೧೫ ಮಾರ್ಚ್ ೧೯೬೨

ಏ ಕಳ್ಳಾ,

ನಾಗನೂ ಅದನ್ನೇ ಬರೆದ. ಎಣ್ಣೆ ಬದಲಿಸುತ್ತಿದ್ದೆಯಂತೆ!

ನಾಲ್ಕನೇ ಮಂಚದವನಿಗೆ ನಿನ್ನ ಪತ್ರವನ್ನು ಮರಾಠಿಯಲ್ಲಿ ಓದಿ ಹೇಳಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಈ ಕಡೆ ತಿರುಗಿದ.

ಏಪ್ರಿಲ್ ಹನ್ನೆರಡಕ್ಕೆ ಹುಬ್ಬಳ್ಳಿ ಸ್ಟೇಶನ್ನಿಗೆ ಬಾ. ಕದ್ದ ಮಾಲನ್ನೂ ತಗೊಂಡು ಬಾ. ಮುಂದಿನ ಸೀಟು ನನಗೆ.

ಮಾದೇವ

❖

ಹೊನ್ನಾವರ
೧೫ ಏಪ್ರಿಲ್ ೧೯೬೨

ನಾಗಾ,

ನಿನ್ನ ಭಾವನನ್ನು ಮಾವಳ್ಳಿಗೆ ಮುಟ್ಟಿಸಿದೆ. ಎಡಭುಜ ಇಳಿದುಹೋಗಿದೆ, ಅಂಗಿ ಆ ಬದಿ ಜೋತುಬೀಳುತ್ತದೆ. ಸ್ಟೇಶನ್ನಿನ ಹೊರಗೆ ಗಾಡಿಗೆ ಎರಡು ಸುತ್ತು ಬಂದ. ಬಗ್ಗಲು ಆಗುವುದಿಲ್ಲ. “ಸ್ಪ್ರಿಂಗಿನ ಜಾಗ ಅರ್ಧ ಇಂಚು ಹಿಂದೆ ಹೋಗಿದೆ” ಎಂದ. ಹೋಗಿದೆ, ನನಗೂ ಗೊತ್ತಿತ್ತು.

ಘಟ್ಟ ಇಳಿಯುವವರೆಗೆ ಕಣ್ಣುಮುಚ್ಚಿ ಕೂತು ಸದ್ದು ಕೇಳಿದ. ಕುಮಟೆಯ ಚಹಾ ಅಂಗಡಿಯಲ್ಲಿ ಬಾಯಿ ಬಿಟ್ಟ. ಗುರುತಿದ್ದವರಿಗೆ, ಗುರುತಿಲ್ಲದವರಿಗೆ, ಎಲ್ಲರಿಗೂ ನನ್ನನ್ನು ತೋರಿಸಿ ಹೇಳಿದ: “ಇವ ಎಂತ ಮನುಷ್ಯ ಗೊತ್ತುಂಟಾ? ನಾನು ಬದುಕಿದ್ದು ಬತ್ತೇನೆ ಹೇಳಿ ಗೊತ್ತಿದ್ದೂ ಕದ್ದವ! ಇಂಥ ಧೈರ್ಯಸ್ಥ ಕಳ್ಳ ಈ ಜಿಲ್ಲೇಲಿ ಮತ್ತೊಬ್ಬ ಇಲ್ಲ.” ನಾನು ಪ್ರತಿ ಸಲವೂ ತಲೆ ತಗ್ಗಿಸಿ ಹೌದು ಎಂದೆ. ಹೊನ್ನಾವರದಲ್ಲಿ ಹೇಳಿದ. ಹೊಳೆ ದಾಟುವಾಗ ಅಂಬಿಗನಿಗೂ ಹೇಳಿದ.

ಮಾವಳ್ಳಿಯಲ್ಲಿ ವೆಂಕಟ, ಸಣ್ಣಿ ಎಲ್ಲ ಜಗಲಿಯಲ್ಲಿ ಸೇರಿದ್ದರು. ಅಲ್ಲಿ ಮತ್ತೆ ಮೊದಲಿನಿಂದ, ಆಗಸ್ಟ್ ನಾಲ್ಕರಿಂದ, ಶುರುಮಾಡಿದ. ನಾನು ಬಾವಿಕಟ್ಟೆಯ ಹತ್ತಿರ ಗಾಡಿಯ ಚಕ್ರಕ್ಕೆ ನೀರು ಹೊಯ್ಯುತ್ತಿದ್ದೆ. ತೊಳೆಯುವಂಥದ್ದು ಏನೂ ಇರಲಿಲ್ಲ.

ಲಕ್ಷ್ಮಿ ಕೊಡ ಹಿಡಿದು ಬಂದಳು. ಕೊಡವನ್ನು ಕಟ್ಟೆಯ ಮೇಲೆ ಇಟ್ಟಳು, ನೀರು ಸೇದಲಿಲ್ಲ.

“ಕಮಲಾಕರಣ್ಣಾ, ನಾಗರಪಂಚಮಿ ದಿನ ನಾನು ಹೊನ್ನಾವರಕ್ಕೆ ಬಂದಿದ್ದೆ. ನೀವು ಇರಲಿಲ್ಲ. ಶುಕ್ರ ಶೆಡ್ಡಿನ ಬಾಗಿಲು ತೆಗೆದುಕೊಟ್ಟ. ಗಾಡಿ ಇಡಿಯಾಗಿ ಇತ್ತು. ನಾಲ್ಕೂ ಚಕ್ರಕ್ಕೆ ಅರಿಶಿನ ಹಚ್ಚಿ ಹೋದೆ.”

ನಾಗರಪಂಚಮಿ ಆಗಸ್ಟ್ ಹದಿನಾರು. ನೀನು ಬಂದದ್ದು ಅದರ ಮರುದಿನ. ಬಿಚ್ಚಿದ ದಿನ ನನ್ನ ಅಂಗೈಗೆ ಅರಿಶಿನ ಹತ್ತಿತ್ತು, ಆಯುಧಪೂಜೆಯ ಹಳೆಯ ಕಲೆ ಎಂದು ಬಟ್ಟೆಗೆ ಒರೆಸಿಕೊಂಡಿದ್ದೆ. ಇನ್ನೊಂದು ತಂಬಿಗೆ ನೀರು ಚಕ್ರಕ್ಕೆ ಹೊಯ್ದೆ.

ಜಗಲಿಯಲ್ಲಿ ಮಾದೇವ ಏನೋ ಹೇಳಿದ, ಎಲ್ಲರೂ ಗೊಳ್ಳೆಂದರು. ಅವನ ನಗು ಬೇರೆಯಾಗಿಯೇ ಕೇಳುತ್ತಿತ್ತು. ಉಸಿರು ಸಾಲದೆ ನಡುವೆ ನಿಂತು, ಮತ್ತೆ ಬರುತ್ತಿತ್ತು.

“ಅವರು ನಗಾಡದೆ ವರ್ಷ ಆತು” ಎಂದಳು. “ನೀವು ಕಳ್ಳರಾಗಿಯೇ ಇರಿ.”

ಕೊಡ ತುಂಬಿಕೊಂಡು ಒಳಗೆ ಹೋದಳು.

“ಏ ಕಳ್ಳಾ, ಚಹಾ ತಣೀತಾ ಉಂಟು, ಬಾರಾ” ಎಂದು ಜಗಲಿಯಿಂದ ಕೂಗಿದ. ಬಂದೆ ಎಂದೆ.

ಕಮಲಾಕರ